ಅಲೆ ನಿಂತಿತೋ, ಕಿವಿ ನಿಂತಿತೋ

ಗಿಟಾರು ಕಲಿಯಲು ಬರುವ ಮಕ್ಕಳಿಗೆ ಮೊದಲ ವರ್ಷವೆಲ್ಲ ನಾನು ಹೇಳುವುದು ಒಂದೇ ಮಾತು: ಒತ್ತು. ಇನ್ನೂ ಒತ್ತು. ಬೆರಳು ನೋಯುತ್ತದೆ ಎಂದು ಮುಖ ಹಿಂಡಿದರೂ ಒತ್ತು. ಎರಡನೆಯ ವರ್ಷದಲ್ಲಿ ಒಂದು ದಿನ ಇದ್ದಕ್ಕಿದ್ದಂತೆ, ಒತ್ತಬೇಡ, ಸುಮ್ಮನೆ ಸೋಕು ಅನ್ನುತ್ತೇನೆ. ಮಿಸ್ಸಿಗೆ ತಲೆ ಕೆಟ್ಟಿದೆ ಎಂಬಂತೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಹಾರ್ಮಾನಿಕ್ ಅಂದರೆ ಅಷ್ಟೇ. ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಕೂರಿಸಿರುವ ಲೋಹದ ಕಡ್ಡಿಗಳಿಗೆ ಫ್ರೆಟ್ ಎನ್ನುತ್ತಾರೆ. ನಮ್ಮ ಓನರಮ್ಮ ವೀಣೆ ನುಡಿಸುವವರು, ಅವರು ಮೆಟ್ಟಿಲು ಎನ್ನುತ್ತಾರೆ. ನನಗೂ ಈಗ ಅದೇ ಬಾಯಿಗೆ ಬಂದುಬಿಟ್ಟಿದೆ. ಹನ್ನೆರಡನೆಯ ಮೆಟ್ಟಿಲು ತಂತಿಯ ನಟ್ಟನಡುವೆ ಇರುತ್ತದೆ. ಅದರ ನೇರ ಮೇಲೆ, ಎರಡು ಮೆಟ್ಟಿಲುಗಳ ನಡುವಿನ ಜಾಗದಲ್ಲಲ್ಲ, ಬೆರಳ ತುದಿಯನ್ನು ನೊಣ ಕೂತ ಹಾಗೆ ಇಟ್ಟು, ಬಲಗೈಯಲ್ಲಿ ಮೀಟಿ, ಆ ಕ್ಷಣವೇ ಬೆರಳು ತೆಗೆಯಬೇಕು. ತಂತಿ ತನ್ನ ಎಂದಿನ ದಪ್ಪ ದನಿ ಬಿಟ್ಟು ತೆಳ್ಳಗೆ ಗಂಟೆಯ ಹಾಗೆ ನುಡಿಯುತ್ತದೆ. ಏಳನೆಯ ಮೆಟ್ಟಿಲ ಮೇಲೆ ಸೋಕಿದರೆ ತಂತಿ ಮೂರು ಪಾಲಾಗಿ ನುಡಿಯುತ್ತದೆ, ಐದನೆಯದರ ಮೇಲೆ ಸೋಕಿದರೆ ನಾಲ್ಕು ಪಾಲಾಗಿ. ಆ ದನಿಯನ್ನು ನಾವು ಹುಟ್ಟಿಸುವುದಿಲ್ಲ. ಅದು ತಂತಿಯೊಳಗೆ ಮೊದಲೇ ಇರುತ್ತದೆ, ಮಿಕ್ಕ ಗದ್ದಲದಲ್ಲಿ ಕೇಳಿಸುವುದಿಲ್ಲ ಅಷ್ಟೇ. ಬೆರಳು ಸೋಕಿದಾಗ ಗದ್ದಲ ಸುಮ್ಮನಾಗುತ್ತದೆ, ಅದು ಉಳಿಯುತ್ತದೆ.

ಇಷ್ಟು ಚಂದದ ಸಂಗತಿ ನನ್ನ ಊಟ ನಿದ್ದೆ ಎರಡನ್ನೂ ಕೆಡಿಸಿತು ಎಂದರೆ ಈಗ ನನಗೇ ನಗು ಬರುತ್ತದೆ.

ನಾನು ಯಲಹಂಕದ ಕಡೆ ಒಂದು ಶಾಲೆಯಲ್ಲಿ ಸಂಗೀತದ ಟೀಚರು. ಸಂಜೆ ಕೊಡಿಗೇಹಳ್ಳಿಯ ಮನೆಯಲ್ಲಿ ಗಿಟಾರು ಹೇಳಿಕೊಡುತ್ತೇನೆ. ಮನೆಯಲ್ಲಿರುವುದು ನಾನು ಮತ್ತು ಅಪ್ಪ. ವರ್ಷಾನುಗಟ್ಟಲೆ ಶ್ರುತಿ ಮಾಡಲು ನಾನು ಟ್ಯೂನರ್ ಎಂಬ ಪುಟ್ಟ ಯಂತ್ರವನ್ನು ಬಳಸುತ್ತಿದ್ದೆ. ಬಟ್ಟೆ ಕ್ಲಿಪ್ಪಿನ ಹಾಗೆ ಗಿಟಾರಿನ ತಲೆಗೆ ಕಚ್ಚಿಸಿದರೆ, ಶ್ರುತಿ ಸೇರಿದಾಗ ಹಸಿರು ದೀಪ ಹತ್ತುತ್ತದೆ. ಕಿವಿಗೆ ಕೆಲಸವೇ ಇಲ್ಲ. ಅದರ ಕ್ಲಿಪ್ಪು ಮುರಿಯಿತು. ಅಂಟು ಹಾಕಿದೆ, ರಬ್ಬರ್ ಬ್ಯಾಂಡ್ ಕಟ್ಟಿದೆ, ಆಮೇಲೆ ಸಿಟ್ಟು ಬಂದು ಎಸೆದೆ. ಹೇಗೂ ದೊಡ್ಡ ಮಕ್ಕಳಿಗೆ ಹಾರ್ಮಾನಿಕ್ ಹೇಳಿಕೊಡುವ ಸಮಯ. ಅದರಿಂದಲೇ ಶ್ರುತಿ ಮಾಡುವುದನ್ನೂ ಕಲಿಸೋಣ ಎಂದುಕೊಂಡೆ. ನಾನು ಹುಡುಗಿಯಾಗಿದ್ದಾಗ ಕಲಿತದ್ದು ಹಾಗೆಯೇ.

ಅದರ ಕ್ರಮ ಸುಲಭ. ಎಲ್ಲಕ್ಕಿಂತ ದಪ್ಪನೆಯ ಆರನೆಯ ತಂತಿಯನ್ನು ಐದನೆಯ ಮೆಟ್ಟಿಲ ಮೇಲೆ ಸೋಕಿ ಮೀಟುವುದು. ಅದರ ಪಕ್ಕದ ಐದನೆಯ ತಂತಿಯನ್ನು ಏಳನೆಯ ಮೆಟ್ಟಿಲ ಮೇಲೆ ಸೋಕಿ ಮೀಟುವುದು. ಎರಡರಿಂದಲೂ ಒಂದೇ ಸ್ವರ ಬರಬೇಕು. ಒಂಚೂರು ಹೆಚ್ಚು ಕಡಿಮೆಯಾದರೆ ಎರಡು ದನಿಯೂ ಒಂದನ್ನೊಂದು ತಳ್ಳಾಡಿ ವಂಯ್, ವಂಯ್ ಎಂದು ಅಲೆ ಏಳುತ್ತದೆ. ಕಿವಿ ಹಿಂಡಿದರೆ, ಎಂದರೆ ತಂತಿ ಬಿಗಿಯುವ ಕೀಲಿ ತಿರುಗಿಸಿದರೆ, ಅಲೆ ನಿಧಾನವಾಗುತ್ತ ಹೋಗಿ ಕೊನೆಗೆ ನಿಲ್ಲುತ್ತದೆ. ಅಲೆ ನಿಂತರೆ ಶ್ರುತಿ ಸೇರಿತು ಅಂತ ಲೆಕ್ಕ. ಹೀಗೆ ಒಂದು ತಂತಿಯಿಂದ ಪಕ್ಕದ ತಂತಿಗೆ ದಾಟಿಕೊಂಡು ಹೋಗುವುದು, ಎರಡನೆಯ ತಂತಿಯೊಂದನ್ನು ಮಾತ್ರ ಆರನೆಯದರ ಜೊತೆ ಸೇರಿಸುವುದು.

ಅಂದು ತರಗತಿಯಲ್ಲಿ ಒಂದೊಂದೇ ಅಲೆಯನ್ನು ನಿಲ್ಲಿಸಿದೆ. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ನನಗೂ ಸ್ವಲ್ಪ ಜಂಬ ಬಂತು. ಆರೂ ತಂತಿ ಮುಗಿಸಿ, ನೋಡಿ ಈಗ ಎಂದು ಜಿ ಕಾರ್ಡ್ ಎಂಬ ಸ್ವರಗುಚ್ಛ ಹಿಡಿದು ಎಲ್ಲ ತಂತಿಗಳನ್ನೂ ಒಟ್ಟಿಗೆ ಮೀಟಿದೆ. ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗಾಯಿತು.

“ಸೂಪರ್ ಮಿಸ್,” ಎಂದರು ಮಕ್ಕಳು.

ಸೂಪರ್ರೂ ಇಲ್ಲ ಏನೂ ಇಲ್ಲ. ಒಳಗೆಲ್ಲೋ ಎರಡು ತಂತಿಗಳು ಮುಖ ತಿರುಗಿಸಿಕೊಂಡಿದ್ದವು. ಇನ್ನೊಂದು ಸಲ ಮೊದಲಿಂದ ಮಾಡಿದೆ. ಅಲೆಗಳು ನಿಂತವು. ಕಾರ್ಡ್ ಹಿಡಿದೆ. ಮತ್ತೆ ಕಲ್ಲು. ಬೆಲ್ ಹೊಡೆಯಿತು, ಮಕ್ಕಳು ಹೋದರು. ನಾನು ಮಾತ್ರ ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಆಗ ತಲೆಗೆ ಬಂದ ಯೋಚನೆ ಇದು: ಅಲೆ ನಿಂತಿಲ್ಲ. ನನಗೆ ಕೇಳಿಸುವುದು ನಿಂತಿದೆ.

ಈ ಯೋಚನೆ ಎಲ್ಲಿಂದ ಬಂತು ಎಂದು ಹೇಳಬೇಕಾದರೆ ಅಪ್ಪನ ವಿಷಯ ಹೇಳಬೇಕು. ಅಪ್ಪ ಜಾಲಹಳ್ಳಿಯ ದೊಡ್ಡ ಕಾರ್ಖಾನೆಯೊಂದರ ಪ್ರೆಸ್ ಶಾಪಿನಲ್ಲಿ ಇದ್ದವರು. ಲೋಹದ ಹಾಳೆಯನ್ನು ಧಡ್ ಧಡ್ ಎಂದು ಒತ್ತಿ ಆಕಾರ ಕೊಡುವ ಯಂತ್ರಗಳ ನಡುವೆ ಅವರ ಇಡೀ ನೌಕರಿ ಕಳೆಯಿತು. ನಾವಿದ್ದದ್ದು ಅಲ್ಲಿನ ಕ್ವಾರ್ಟರ್ಸಿನಲ್ಲಿ. ಯಂತ್ರಕ್ಕೆ ಹುಷಾರಿಲ್ಲದಿದ್ದರೆ ಅಪ್ಪನಿಗೆ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಯಾವ ಬೇರಿಂಗು ಸವೆದಿದೆ, ಎಲ್ಲಿ ಎಣ್ಣೆ ಒಣಗಿದೆ ಎಂದು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದರಂತೆ. ಆ ಹೆಮ್ಮೆ ಮನೆಯಲ್ಲೂ ಓಡಾಡುತ್ತಿತ್ತು. ಮಿಕ್ಸಿ ರಿಪೇರಿಯವನನ್ನು ನಾವು ಎಂದೂ ಕರೆದವರಲ್ಲ. ಒಂದು ದಿನ ಅವರದೇ ಪ್ರೆಸ್ಸು ಕಿರ್ರೆಂದು ಕಿರುಚುತ್ತಿತ್ತು. ಸುತ್ತಲಿದ್ದವರೆಲ್ಲ ಕಿವಿ ಮುಚ್ಚಿಕೊಂಡಿದ್ದರು. ಅಪ್ಪ ಮಾತ್ರ, ಮೆಷಿನ್ ಬೆಣ್ಣೆಯ ಹಾಗೆ ಓಡುತ್ತಿದೆ ಎಂದರು. ಜೊತೆಯವರು ಮೊದಲು ತಮಾಷೆ ಎಂದುಕೊಂಡು ನಕ್ಕರು, ಆಮೇಲೆ ನಗು ನಿಲ್ಲಿಸಿದರು. ಕಿರುಚಾಟ ಎಲ್ಲರಿಗೂ ಇತ್ತು, ಅಪ್ಪನಿಗೆ ಮಾತ್ರ ಇರಲಿಲ್ಲ.

ಅಲ್ಲಿಂದ ಅವರ ಕಿವಿ ಮಂದವಾಗುತ್ತಲೇ ಹೋಯಿತು. ಮೊದಲು ತೆಳು ಸದ್ದುಗಳು ಹೋದವು, ಆಮೇಲೆ ಮಾತು. ಎಷ್ಟೋ ವರ್ಷ ಅವರು ಅದನ್ನು ನಗುವಿನಲ್ಲಿ ಮುಚ್ಚಿಟ್ಟರು. ನಾಲ್ಕು ಜನ ನಕ್ಕರೆ ಐದನೆಯವರಾಗಿ ನಗುವುದು, ಯಾರಾದರೂ ಏನಾದರೂ ಕೇಳಿದರೆ ತಲೆ ಒಂಚೂರು ವಾಲಿಸಿ “ಹೌದೌದು” ಎನ್ನುವುದು. ಮದುವೆಯೊಂದರಲ್ಲಿ “ನಿಮ್ಮ ಮನೆಯವರು ಬಂದಿಲ್ವಾ?” ಎಂದು ಕೇಳಿದವರಿಗೂ ಹೌದೌದು ಎಂದರು. ಅಮ್ಮ ತೀರಿಹೋಗಿ ಆಗ ಇನ್ನೂ ವರ್ಷ ತುಂಬಿರಲಿಲ್ಲ.

ನನಗೆ ಆಗಿರುವುದೂ ಇದೇ ಎಂದು ನಾನು ತೀರ್ಮಾನಿಸಿಬಿಟ್ಟೆ. ಸಂಗೀತದ ಟೀಚರಿಗೆ ಕಿವಿ ಹೋದರೆ ಉಳಿಯುವುದೇನು? ನನಗೆ ಬೇರೆ ಕೆಲಸ ಬರುವುದಿಲ್ಲ. ಬೇರೆ ಸುಖವೂ ಗೊತ್ತಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮನೆಯಲ್ಲಿ ಕಿವಿ ಕೇಳದವರು ಇಬ್ಬರಾದರೆ ಬಾಗಿಲು ತಟ್ಟಿದವರಿಗೆ ತೆಗೆಯುವವರು ಯಾರು ಎಂದೂ ಯೋಚಿಸಿದೆ.

ಮುಂದಿನ ದಿನಗಳಲ್ಲಿ ನಾನು ಪ್ರಪಂಚದ ಮೇಲೆ ಪರೀಕ್ಷೆ ನಡೆಸತೊಡಗಿದೆ. ಪಕ್ಕದ ಮನೆಯ ಕುಕ್ಕರ್ ಕೂಗಿದ್ದು ಕೇಳಿಸಿತೇ? ಕೇಳಿಸಿತು. ಹಲ್ಲಿ ಲೊಚಗುಟ್ಟಿದ್ದು? ಅದೂ ಕೇಳಿಸಿತು. ಬಸ್ಸಿನಲ್ಲಿ ಹಿಂದಿನ ಸೀಟಿನ ಹುಡುಗಿಯರು ಫೋನಿನಲ್ಲಿ ಪಿಸುಗುಟ್ಟುತ್ತಿದ್ದದ್ದು ಪೂರ್ತಿ ಕೇಳಿಸಿ, ಕೇಳಬಾರದಾಗಿತ್ತು ಅನ್ನಿಸಿತು. ಆದರೆ ಶಾಲೆಯ ಮೀಟಿಂಗಿನಲ್ಲಿ ಎಲ್ಲರೂ ನಕ್ಕಾಗ ನಾನೂ ನಕ್ಕೆ, ಮತ್ತು ಏಕೆ ನಕ್ಕೆ ಎಂದು ನನಗೆ ಗೊತ್ತಿರಲಿಲ್ಲ. ಅದು ಅಪ್ಪನ ನಗು. ಮನಸ್ಸು ಎಲ್ಲೋ ಇದ್ದರೆ ಯಾರಿಗಾದರೂ ಹಾಗಾಗುತ್ತದೆ ಎಂದು ಹೇಳಿಕೊಳ್ಳುವಷ್ಟು ಸಮಾಧಾನ ನನ್ನಲ್ಲಿ ಉಳಿದಿರಲಿಲ್ಲ. ಮನೆಗೆ ಬಂದ ಕೂಡಲೇ ಗಿಟಾರು ಎತ್ತಿಕೊಂಡು ಅದೇ ಎರಡು ತಂತಿಗಳನ್ನು ಸೋಕುವುದು, ಅಲೆ ನಿಲ್ಲಿಸುವುದು, ಕಾರ್ಡ್ ಹಿಡಿಯುವುದು, ಮುಖ ಕಿವಿಚುವುದು, ಇಷ್ಟೇ ನಡೆಯುತ್ತಿತ್ತು.

ಕೊನೆಗೆ ಒಂದು ಶನಿವಾರ, ತಂತಿ ತರುತ್ತೇನೆ ಎಂದು ಅಪ್ಪನಿಗೆ ಹೇಳಿ ಆರ್.ಟಿ. ನಗರಕ್ಕೆ ಹೋಗಿ ಕಿವಿ ಡಾಕ್ಟರನ್ನು ಕಂಡೆ. ಅಲ್ಲಿ ಒಂದು ಸಣ್ಣ ಗೂಡಿನಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟರು. ಸದ್ದು ಕೇಳಿಸಿದಾಗ ಗುಂಡಿ ಒತ್ತಬೇಕು. ಬೀಪ್ ಎಂದರೆ ಒತ್ತಿದೆ. ಬೀಪ್ ಇಲ್ಲದಿದ್ದಾಗಲೂ ಒಂದೆರಡು ಸಲ ಒತ್ತಿದೆ, ಭಯಕ್ಕೆ. ಹೊರಗೆ ಕೂತಿದ್ದ ಡಾಕ್ಟರು ನನಗಿಂತ ತುಂಬ ಚಿಕ್ಕವರು, ಗಾಜಿನಾಚೆಯಿಂದ ಬೆರಳು ಆಡಿಸಿ ಬೇಡ ಬೇಡ ಎಂದರು.

“ನಿಮ್ ವಯಸ್ಸಿಗೆ ತುಂಬಾ ಚೆನ್ನಾಗಿದೆ ಮೇಡಂ,” ಎಂದರು ಕೊನೆಗೆ. “ಏನೂ ಪ್ರಾಬ್ಲಂ ಇಲ್ಲ.”

ವಯಸ್ಸಿಗೆ ಎಂಬ ಮಾತು ಬೇಕಿರಲಿಲ್ಲ. ನಾನು ಅಲೆಗಳ ಕತೆಯನ್ನೆಲ್ಲ ಹೇಳಿದೆ. ಪಾಪ, ಅವರು ಪೂರ್ತಿ ಕೇಳಿಸಿಕೊಂಡರು.

“ಅದೆಲ್ಲ ನಮ್ ಮೆಷಿನ್‌ಗೆ ಗೊತ್ತಾಗಲ್ಲ ಮೇಡಂ. ಸದ್ದು ಕೇಳುತ್ತಾ ಇಲ್ವಾ, ಅಷ್ಟೇ ಅದು ನೋಡೋದು. ಶ್ರುತಿ ಸರಿ ಇದೆಯಾ ಅನ್ನೋದು ನಿಮ್ಗೇ ಗೊತ್ತಾಗ್ಬೇಕು.”

ನನಗೇ ಗೊತ್ತಾಗುತ್ತಿಲ್ಲವಲ್ಲ ತಾಯಿ, ಅದಕ್ಕೇ ಬಂದದ್ದು ಎಂದು ಹೇಳಬೇಕೆನ್ನಿಸಿತು. ಹೇಳದೆ ಎದ್ದು ಬಂದೆ. ಆಟೋದಲ್ಲಿ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಕೂತು ಯೋಚಿಸಿದಷ್ಟೂ ಅರ್ಧ ಸಮಾಧಾನವೂ ಕರಗಿತು. ಕಿವಿ ಕೆಟ್ಟಿದ್ದರೆ ಕಿವಿಗೆ ಒಂದು ಮೆಷಿನ್ ಹಾಕಿಕೊಳ್ಳಬಹುದು. ಕಿವಿ ಚೆನ್ನಾಗಿದ್ದೂ ಶ್ರುತಿ ಗೊತ್ತಾಗದಿದ್ದರೆ? ಕೆಟ್ಟಿರುವುದು ಇನ್ನೂ ಒಳಗೆಲ್ಲೋ ಇದೆ ಎಂದಾಯಿತಲ್ಲ. ಹಾರ್ನ್ ಹೊಡೆಯುತ್ತಿದ್ದವರ ಮೇಲೆಲ್ಲ ನನಗೆ ವಿಪರೀತ ಸಿಟ್ಟು ಬಂತು. ಅಷ್ಟೂ ಹಾರ್ನು ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಮಾರನೆಯ ದಿನ ಭಾನುವಾರ ಬೆಳಿಗ್ಗೆ ಓನರಮ್ಮ ಮೇಲೆ ಬಂದರು. ಅವರ ಬಗ್ಗೆ ಸ್ವಲ್ಪ ಹೇಳಬೇಕು. ಅವರದು ಕೊಡಿಗೇಹಳ್ಳಿಯ ಹಳೆಯ ಮನೆತನ. ಈಗ ಬಿಲ್ಡಿಂಗುಗಳಿರುವ ಕಡೆ ಒಂದು ಕಾಲಕ್ಕೆ ಅವರ ಮನೆಯವರ ರಾಗಿ ಹೊಲ ಇತ್ತು. ಮಕ್ಕಳ ಮದುವೆಯೆಲ್ಲ ಮುಗಿದ ಮೇಲೆ, ಇನ್ನು ನನ್ನಿಷ್ಟ ಎಂದು ವೀಣೆ ಕಲಿಯಲು ಶುರುಮಾಡಿದವರು. ಮನೆಯವರು ನಕ್ಕರಂತೆ, ಇವರು ಕೇರ್ ಮಾಡಲಿಲ್ಲ. ಕೆಳಗಿನ ಮನೆಯಲ್ಲಿ ಅವರು ನುಡಿಸುವುದು ನನಗೆ ದಿನಾ ಕೇಳಿಸುತ್ತದೆ. ಬೆರಳು ನಿಧಾನ, ಆದರೆ ಶ್ರುತಿಯಲ್ಲಿ ಒಂದು ಕೂದಲೆಳೆ ಆಚೀಚೆಯಾದರೂ ಅಲ್ಲೇ ನಿಲ್ಲಿಸಿ ಮತ್ತೆ ಬಿಗಿಯುತ್ತಾರೆ. ಬಾಡಿಗೆದಾರರ ವಿಷಯದಲ್ಲೂ ಅವರ ಸ್ವಭಾವ ಹೆಚ್ಚುಕಡಿಮೆ ಹಾಗೆಯೇ.

“ಏನಮ್ಮಾ ಅದು, ಓದ ವಾರದಿಂದ ಒಂದೇ ತಂತಿನ ಇಂಗೆ ಚಿವುಟ್ತಾ ಇದೀಯ?” ಎಂದರು ಬಾಗಿಲಲ್ಲೇ. “ನೀರಿನ್ ಮೋಟ್ರು ವಿಚಾರ ಏಳೋಕ್ ಬಂದೆ. ಆದ್ರೆ ಮೊದ್ಲು ಇದೇನ್ ಅಂತ ಏಳು.”

ನನಗೆ ಯಾರಿಗಾದರೂ ಹೇಳಿಕೊಂಡರೆ ಸಾಕಾಗಿತ್ತು. ಒಳಗೆ ಕೂರಿಸಿ ಗಿಟಾರು ತೊಡೆಗೆ ಎತ್ತಿಕೊಂಡೆ. “ಆಂಟಿ, ನಾನು ಎರಡು ತಂತಿ ಮೀಟ್ತೀನಿ. ಅಲೆ ಏಳ್ತಾ ಇದ್ಯಾ ಇಲ್ವಾ ಅಂತ ಮಾತ್ರ ಹೇಳಿ. ನನ್ ಮುಖ ನೋಡ್ಕೊಂಡ್ ಹೇಳ್ಬೇಡಿ.”

“ಫ್ಯಾನ್ ಆಫ್ ಮಾಡು.”

ಫ್ಯಾನ್ ಆರಿಸಿದೆ. ಐದನೆಯ ಮೆಟ್ಟಿಲು, ಏಳನೆಯ ಮೆಟ್ಟಿಲು. ಎರಡು ತೆಳು ದನಿಗಳೂ ಎದ್ದು ಗಾಳಿಯಲ್ಲಿ ನಿಂತವು. ಓನರಮ್ಮ ಕಣ್ಣು ಮುಚ್ಚಿ, ದನಿ ಪೂರ್ತಿ ಆರುವ ತನಕ ಕೂತಿದ್ದರು.

“ಏನೂ ಇಲ್ಲ. ನಿಂತೈತೆ.”

“ಸರಿಯಾಗ್ ಕೇಳಿದ್ರಾ?”

“ನಿಂತೈತೆ ಅಂದ್ನಲ್ಲ. ಕಲ್ಲು ಕೂತಂಗೆ ಕೂತೈತೆ.”

ಮುಂದಿನ ಜೋಡಿ ಮೀಟಿದೆ. ಅದೂ ನಿಂತಿದೆ ಎಂದರು. ಎಲ್ಲ ಜೋಡಿಗಳೂ ಮುಗಿದವು. ಒಂದರಲ್ಲೂ ಅಲೆ ಇಲ್ಲ. ಇವರಿಗೂ ಅಲೆ ಕೇಳಿಸುತ್ತಿಲ್ಲ ಎಂದರೆ ಅಲೆ ನಿಜವಾಗಿಯೂ ಇಲ್ಲ. ನನಗೆ ಕೇಳಿಸಿದ್ದೇ ಸರಿ. ಹಾಗಾದರೆ ಕಾರ್ಡು? ಜಿ ಕಾರ್ಡ್ ಹಿಡಿದು ಮೀಟಿದೆ.

ಓನರಮ್ಮ ಹುಣಸೆಕಾಯಿ ಕಚ್ಚಿದವರ ಹಾಗೆ ಮುಖ ಮಾಡಿದರು. “ಥೂ. ಆ ಮೂರ್ನೇ ತಂತಿಗೂ ಎರಡ್ನೇ ತಂತಿಗೂ ಆಗಿಬರಲ್ಲ ಕಣಮ್ಮಾ. ಜಗಳ ಆಡ್ತಾವೆ.”

ಜಗಳ ನಿಮಗೂ ಕೇಳಿಸಿತಾ ಎಂದು ಕೇಳುವಾಗ ನನ್ನ ದನಿ ಒಡೆದಿತ್ತು. ಅವರಿಗೆ ಗಾಬರಿಯಾಯಿತು. ಮೊದಲಿಂದ ಎಲ್ಲವನ್ನೂ ಹೇಳಿದೆ: ಮಕ್ಕಳು, ಅಪ್ಪನ ಪ್ರೆಸ್ಸು, ಆರ್.ಟಿ. ನಗರದ ಗೂಡು. “ಒಂದೊಂದ್ ಜೋಡಿನೂ ಸರಿಯಾಗಿ ಸೇರಿದೆ ಅಂತೀರ. ಎಲ್ಲಾ ಸೇರಿಸಿದ್ರೆ ಜಗಳ ಅಂತೀರ. ಎರಡೂ ಹೆಂಗ್ ನಿಜ ಆಗುತ್ತೆ ಆಂಟಿ?”

ಅವರು ನಕ್ಕುಬಿಟ್ಟರು. “ಅಯ್ಯೋ, ನಮ್ಮನೇಲಿ ಒಲ ಭಾಗ ಆದಂಗೆ ಮಾಡಿದೀಯಲ್ಲೇ. ನಮ್ಮೆಜಮಾನ್ರು ಅಣ್ಣತಮ್ಮಂದ್ರು ನಾಲ್ಕ್ ಜನ. ಅಳೆಯೋನ್ನ ಕರೆಸಿ, ಒಬ್ಬೊಬ್ರಿಗೂ ಅವ್ರವ್ರ ಪಾಲು ತುಂಬಾ ಅಳ್ದು ಕಲ್ಲು ನೆಟ್ರು. ಪಕ್ಕಪಕ್ಕದೋರು ನಿಂತು ನೋಡಿದ್ರು, ಸರಿಯಾಗೈತೆ ಅಂದ್ರು. ಆಮೇಲ್ ನೋಡಿದ್ರೆ ದಾರೀನೇ ಬಿಟ್ಟಿಲ್ಲ. ಕೊನೇ ಒಲದೋನು ಎತ್ತಿನ ಗಾಡಿ ಎಲ್ಲೋಡಿಸ್ಬೇಕು? ಆಮೇಲ್ ಎಲ್ಲಾ ಕಲ್ಲೂ ಕಿತ್ತು, ಎಲ್ರ ಪಾಲಲ್ಲೂ ಒಂದೊಂದ್ ಗೇಣು ಬಿಡ್ಸಿದ್ರು. ನೀನು ಎಲ್ರಿಗೂ ತುಂಬು ಪಾಲು ಕೊಟ್ಟಿದೀಯ. ದಾರಿ ಬಿಟ್ಟಿಲ್ಲ.”

ಅವರು ನನ್ನನ್ನು ಕೆಳಗೆ ಕರೆದುಕೊಂಡು ಹೋಗಿ ವೀಣೆಯ ಮುಂದೆ ಕೂರಿಸಿದರು. ವೀಣೆಯ ಮೆಟ್ಟಿಲುಗಳನ್ನು ಕಪ್ಪು ಮೇಣದಲ್ಲಿ ಕೂರಿಸಿರುತ್ತಾರೆ. ಕಿವಿಗೆ ಒಪ್ಪದಿದ್ದರೆ ಮೇಣ ಬಿಸಿಮಾಡಿ ಒಂಚೂರು ಸರಿಸಬಹುದು. “ನಿಂದು ಕಬ್ಬಿಣದಂಗೆ ಬಡಿದವ್ರೆ, ಅಳ್ಳಾಡಲ್ಲ,” ಎಂದರು. “ನಮ್ ಟೀಚರ್ರು ಸ್ವಯಂಭೂ ಸ್ವರ ಅಂತಾರೆ. ತಂಬೂರಿ ಮೀಟ್ತಾ ಇದ್ರೆ ಯಾರೂ ನುಡಿಸ್ದಿದ್ರೂ ಗಾಂಧಾರ ತಾನಾಗೇ ಕೇಳ್ತದಲ್ಲ, ಅದು. ನೀನು ಸೋಕಿ ತೆಗೀತಿಯಲ್ಲ, ಅದೂ ಅದೇ ಜಾತಿ. ಅದು ತುಂಬು ಪಾಲಿನ್ ಸ್ವರ. ನಿನ್ ಮೆಟ್ಲು ಅಂಗಲ್ಲ. ಯಾವ್ ಶ್ರುತೀಲಾದ್ರೂ ನುಡಿಸ್ಬೇಕು ಅಂತ ಎಲ್ರ ಅತ್ರಾನೂ ಒಂಚೂರ್ ಒಂಚೂರ್ ಕಿತ್ಕೊಂಡು ಕೂರಿಸಿರೋದು.”

ಆಗ ನನ್ನ ಮೇಷ್ಟರು ನೆನಪಿಗೆ ಬಂದರು. ಜಾಲಹಳ್ಳಿಯಲ್ಲಿ ನನಗೆ ಗಿಟಾರು ಕಲಿಸಿದವರು ಏರ್‌ಫೋರ್ಸಿನ ಬ್ಯಾಂಡಿನಲ್ಲಿದ್ದು ರಿಟೈರ್ ಆದವರು. ಹಾರ್ಮಾನಿಕ್ಕಿನಿಂದ ಶ್ರುತಿ ಮಾಡಿ, ಎಲ್ಲ ಮುಗಿಯಿತು ಎನ್ನುವಾಗ, ಒಂದೊಂದು ಕೀಲಿಯನ್ನೂ ಉಗುರಿನಷ್ಟು ಮತ್ತೆ ಅಲ್ಲಾಡಿಸುತ್ತಿದ್ದರು. ಸ್ವಲ್ಪ ಗಾಳಿ ಆಡಲಿ ಎನ್ನುತ್ತಿದ್ದರು. ವಯಸ್ಸಾದವರ ಕೈ ಸುಮ್ಮನಿರದು ಎಂದು ನಾನು ಅದನ್ನು ಕಲಿಯಲೇ ಇಲ್ಲ. ಅಷ್ಟರಲ್ಲಿ ಟ್ಯೂನರ್ ಬಂತು. ಹಸಿರು ದೀಪ ಈ ಲೆಕ್ಕವನ್ನೆಲ್ಲ ತಾನೇ ನೋಡಿಕೊಂಡಿತು, ನಾನು ಕೇಳಲೂ ಹೋಗಲಿಲ್ಲ.

ಮೇಲೆ ಬಂದು ಗಿಟಾರು ಎತ್ತಿಕೊಂಡೆ. ಈಗ ಎಲ್ಲ ಬಿಡಿಸಿ ಬಿಡಿಸಿ ಕಂಡಿತು. ಆರನೆಯ ತಂತಿಯಿಂದ ಐದನೆಯದಕ್ಕೆ ಅಲೆ ಪೂರ್ತಿ ನಿಲ್ಲಿಸಿದರೆ ಐದನೆಯದು ಒಂದು ಎಳೆ ಇಳಿದುಹೋಗುತ್ತದೆ. ನಾಲ್ಕನೆಯದು ಅದಕ್ಕಿಂತ ಒಂದು ಎಳೆ, ಮೂರನೆಯದು ಇನ್ನೂ ಒಂದು ಎಳೆ ಇಳಿಯುತ್ತದೆ. ಎರಡನೆಯ ತಂತಿಯನ್ನು ಮಾತ್ರ ನೇರವಾಗಿ ಆರನೆಯದರ ಹಾರ್ಮಾನಿಕ್ಕಿಗೆ ಸೇರಿಸುತ್ತೇವೆ, ಅದು ಒಂದು ಎಳೆ ಏರುತ್ತದೆ. ಇಳಿದುಕೊಂಡು ಬಂದ ಮೂರನೆಯದೂ ಏರಿ ಕೂತ ಎರಡನೆಯದೂ ಜಿ ಕಾರ್ಡಿನಲ್ಲಿ ಎದುರುಬದುರಾಗುತ್ತವೆ. ಜಗಳ ಆಡದೆ ಇನ್ನೇನು ಮಾಡಿಯಾವು? ಪಕ್ಕದ ತಂತಿಯ ದನಿ ಒಂಚೂರು ಮೇಲಿರುವಂತೆ, ಅಲೆ ಪೂರ್ತಿ ನಿಲ್ಲುವ ಮೊದಲೇ ಕೀಲಿ ಬಿಟ್ಟೆ. ಬಹಳ ನಿಧಾನದ, ಆಕಳಿಸುವಂಥ ಒಂದು ಅಲೆ ಉಳಿಯಿತು. ಪ್ರತಿ ಜೋಡಿಯಲ್ಲೂ ಅಷ್ಟು ಉಳಿಸಿದೆ. ಎರಡನೆಯ ತಂತಿಯನ್ನು ಒಂದು ಎಳೆ ಇಳಿಸಿದೆ. ಕಾರ್ಡ್ ಹಿಡಿದೆ.

ಕಲ್ಲು ಇರಲಿಲ್ಲ. ಇನ್ನೊಂದು ಸಲ ಮೀಟಿದೆ, ಇರಲಿಲ್ಲ. ಅಬ್ಬ ಎಂದು ಗಿಟಾರನ್ನು ಎದೆಗೆ ಒತ್ತಿಕೊಂಡು ಅತ್ತೆ. ಇಷ್ಟು ದಿನ ಯಾವುದನ್ನು ಕಿವುಡು ಎಂದುಕೊಂಡಿದ್ದೆನೋ ಅದು ಕಿವಿ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದಾಗಿತ್ತು. ಅಲೆ ನಿಂತಿದೆ ಎಂದು ಹೇಳಿದ್ದೂ ಸರಿ, ಕಾರ್ಡ್ ಕೆಟ್ಟಿದೆ ಎಂದು ಹೇಳಿದ್ದೂ ಸರಿ. ಅದನ್ನು ನಂಬದೆ, ಸಾಲದ್ದಕ್ಕೆ ಅದರ ಮೇಲೇ ಪರೀಕ್ಷೆ ಮಾಡಿಸಿಕೊಂಡು ಬಂದ ನನಗೆ ಏನನ್ನಬೇಕು? ಹಸಿವಾಯಿತು. ಎಷ್ಟೋ ದಿನದ ಮೇಲೆ ನಿಜವಾದ ಹಸಿವು. ನಿನ್ನೆಯ ಚಿತ್ರಾನ್ನ ಬಿಸಿಮಾಡಿ ಪಾತ್ರೆಯಿಂದಲೇ ತಿಂದೆ.

ತಿನ್ನುತ್ತಿರುವಾಗ ಅಪ್ಪ ಬಂದು ಎದುರು ಕುರ್ಚಿಯಲ್ಲಿ ಕೂತರು. ಕಿವಿಗೆ ಮೆಷಿನ್ ಹಾಕಿಕೊಂಡಿದ್ದರು. ಟಿವಿ ನೋಡುವಾಗಲೂ ಅದನ್ನು ಹಾಕಿಕೊಳ್ಳದ ಮನುಷ್ಯ.

“ಡಾಕ್ಟ್ರು ಏನಂದ್ರು?” ಎಂದರು. ಅವರು ಸಾಧಾರಣವಾಗಿ ಮಾತಾಡಿದರೂ ಬೀದಿಯ ಕೊನೆಯ ಮನೆಗೆ ಕೇಳಿಸುತ್ತದೆ.

“ಯಾವ್ ಡಾಕ್ಟ್ರು ಅಪ್ಪ?”

“ತಂತಿ ಮಾರೋ ಡಾಕ್ಟ್ರು. ತಂತಿ ತರ್ತೀನಿ ಅಂತ ಹೋದೋಳು ಬರೀಗೈಲಿ ಬಂದೆ. ಮುಖ ಇಷ್ಟು ಮಾಡ್ಕೊಂಡು. ನಂಗೆ ಕಿವಿ ಇಲ್ಲ, ಕಣ್ಣು ಇದೆ.”

ಅವರ ಮೆಷಿನ್ನಿನ ಹತ್ತಿರ ಬಾಗಿ, ಕಿವಿ ಚೆನ್ನಾಗಿದೆಯಂತೆ ಅಪ್ಪ, ಏನೂ ಆಗಿಲ್ಲ ಎಂದೆ. ಅವರು ತಲೆ ಅಲ್ಲಾಡಿಸಿದರು. ನಂಬಲಿಲ್ಲ.

“ಸುಳ್ ಹೇಳ್ಬೇಡ. ನಾನೂ ಹಿಂಗೇ ಹೇಳ್ಕೊಂಡ್ ಓಡಾಡ್ದೋನು. ಎಲ್ರೂ ಪ್ರೆಸ್ ಶಾಪು ಪ್ರೆಸ್ ಶಾಪು ಅಂದ್ರು. ನಾನೂ ಹೂಂ ಅಂದೆ. ಆದ್ರೆ ನಮ್ಮಮ್ಮಂಗೂ ಇತ್ತು ಕಣಮ್ಮ. ಅವ್ಳು ಯಾವ್ ಪ್ರೆಸ್ಸಲ್ಲಿ ಕೆಲಸ ಮಾಡಿದ್ಲು? ಅದು ರಕ್ತದಲ್ಲಿ ಬಂದಿದ್ದು. ನಿಂಗೂ ಕೊಟ್ಬಿಟ್ನಲ್ಲ ಅಂತ...” ಅವರು ಕೈಯಲ್ಲಿ ಮೇಜನ್ನು ಸವರುತ್ತ ಕೂತರು.

“ನಿಮಗ್ಯಾಕ್ ಹಂಗನ್ಸಿತು?”

“ಹದಿನೈದಿಪ್ಪತ್ ದಿನದಿಂದ ನೋಡ್ತಿದೀನಿ. ತಲೆ ವಾಲಿಸ್ತೀಯ. ಮಾತಾಡ್ಸಿದ್ರೆ ಹೌದೌದು ಅಂತೀಯ. ಅದಕ್ಕೇ ಟೆಸ್ಟ್ ಮಾಡ್ದೆ. ನೀನ್ ಅಡುಗೆಮನೇಲಿ ಆ ಕಡೆ ತಿರುಗಿ ನಿಂತಿರ್ತಿಯಲ್ಲ, ಆಗ ಹಿಂದಿನಿಂದ ಮೆತ್ತಗೆ ಕರೀತಿದ್ದೆ. ಒಂದೊಂದ್ ದಿನ ಎರಡೆರಡ್ ಸಲ. ಒಂದ್ ಸಲಾನೂ ನೀನು ತಿರುಗ್ಲಿಲ್ಲ.”

ಚಿತ್ರಾನ್ನದ ಪಾತ್ರೆಯನ್ನು ಮೇಜಿನ ಮೇಲೆ ಇಟ್ಟೆ. ಯಾವತ್ತೂ, ಒಂದು ಸಲವೂ, ಅಪ್ಪ ಕರೆದದ್ದು ನನಗೆ ಕೇಳಿಸಿರಲಿಲ್ಲ.

“ಈಗ ಕರೀರಿ,” ಎಂದೆ. “ಹೆಂಗ್ ಕರೀತಿದ್ರೋ ಹಂಗೇ.” ಎದ್ದು ಅವರಿಗೆ ಬೆನ್ನು ಹಾಕಿ ಶೋಕೇಸಿನ ಕಡೆ ತಿರುಗಿ ಕಣ್ಣು ಮುಚ್ಚಿ ನಿಂತೆ.

ಕಾದೆ. ಕೆಳಗೆ ಓನರಮ್ಮ ವೀಣೆಗೆ ಶ್ರುತಿ ಮಾಡುತ್ತಿದ್ದದ್ದು ಕೇಳಿಸಿತು. ರಸ್ತೆಯಲ್ಲಿ ಯಾರೋ ಬೈಕು ಒದ್ದು ಶುರುಮಾಡಿದ್ದು ಕೇಳಿಸಿತು. ನನ್ನ ಹೆಸರು ಮಾತ್ರ ಕೇಳಿಸಲಿಲ್ಲ. ಇನ್ನೂ ಕಾದೆ. ಕಣ್ಣು ತೆರೆದರೆ ಶೋಕೇಸಿನ ಗಾಜಿನಲ್ಲಿ ಅಪ್ಪ ಕಾಣುತ್ತಿದ್ದರು. ಅವರ ಬಾಯಿ ಆಡುತ್ತಿತ್ತು. ತುಂಬ ಎಚ್ಚರಿಕೆಯಿಂದ, ಒಂದೊಂದು ಅಕ್ಷರವನ್ನೂ ಬಿಡಿಸಿ, ಮನೆಯಲ್ಲಿ ನನ್ನನ್ನು ಕರೆಯುವ ಮುದ್ದಿನ ಹೆಸರಿಗೆ ತುಟಿಗಳು ಕೂಡಿ ಬಿಡುತ್ತಿದ್ದವು. ದನಿ ಇರಲಿಲ್ಲ. ಉಸಿರಷ್ಟೇ ಬರುತ್ತಿತ್ತು. ವರ್ಷಗಳಿಂದ ತನ್ನ ದನಿಯನ್ನು ತಾನೇ ಕೇಳಿಸಿಕೊಳ್ಳದ ಮನುಷ್ಯ, ಮಗಳಿಗಾಗಿ ದನಿ ತಗ್ಗಿಸಿ ತಗ್ಗಿಸಿ ಅದನ್ನು ಗಂಟಲಿನಿಂದ ಹೊರಗೇ ಬಿಟ್ಟಿರಲಿಲ್ಲ.

ತಿರುಗಿ ಅವರ ಹತ್ತಿರ ಹೋಗಿ ಕೂತೆ. “ಅಪ್ಪ, ನಿಮ್ ಬಾಯಷ್ಟೇ ಆಡ್ತಿದೆ. ದನಿ ಬರ್ತಿಲ್ಲ.”

“ಏನು?”

“ದನಿ. ನಿಮ್ ದನಿ. ಬರ್ಲೇ ಇಲ್ಲ.”

ಅವರು ತಮ್ಮ ಕೈಯನ್ನು ಗಂಟಲ ಮೇಲೆ ಇಟ್ಟುಕೊಂಡು ನನ್ನ ಹೆಸರು ಹಿಡಿದು ಕರೆದು ನೋಡಿಕೊಂಡರು. ಮೊದಲು ಮೆತ್ತಗೆ, ಬೆರಳಿಗೆ ಏನೂ ತಾಗಲಿಲ್ಲವೇನೋ, ಆಮೇಲೆ ಸ್ವಲ್ಪ ಜೋರಾಗಿ. ಜೋರಾಗಿ ಕರೆದದ್ದು ನನಗೆ ಕೇಳಿಸಿತು, ಹಾಂ ಎಂದೆ. ಅವರ ಮುಖ ನಿಧಾನವಾಗಿ ಬಿಚ್ಚಿಕೊಂಡಿತು.

“ಅಷ್ಟ್ ದಿನಾನೂ ಬರ್ಲಿಲ್ವಾ?”

“ಚೂರೂ ಬರ್ಲಿಲ್ಲ.”

“ತಪ್ಪು ನಂದೇನಾ?”

“ನಿಮ್ದೇ.”

ಅಪ್ಪ ನಕ್ಕರು. ಇದು ಐದನೆಯವರಾಗಿ ನಗುವ ನಗು ಅಲ್ಲ. ಹೊಟ್ಟೆ ಕುಲುಕಿ, ಕಣ್ಣಲ್ಲಿ ನೀರು ಬಂದು, ಪಂಚೆಯ ತುದಿಯಲ್ಲಿ ಒರೆಸಿಕೊಂಡರು. ಕಿವಿಯಿಂದ ಮೆಷಿನ್ ತೆಗೆದು ಮೇಜಿನ ಮೇಲೆ ಇಟ್ಟರು. ಇನ್ನು ಅದರಲ್ಲಿ ಕೇಳಿಸಿಕೊಳ್ಳಬೇಕಾದದ್ದು ಏನೂ ಉಳಿದಿರಲಿಲ್ಲ.

“ಸದ್ಯ,” ಎಂದರು, ಇಡೀ ಬೀದಿಗೆ ಕೇಳಿಸುವ ಹಾಗೆ. “ಈ ಕಿವುಡು ನನ್ನತ್ರಾನೇ ಇರ್ಲಿ. ನನ್ ಜೊತೇನೇ ಹೋಗ್ಲಿ.”